ಲೋಲಿಂಗ್ ಉಸಿರು ಹಿಡಿದದ್ದು

ಉಸಿರು ಬಿಗಿಹಿಡಿದು ನೀರಿನಡಿಯಲ್ಲಿರುವುದನ್ನು ನಮಗೆ ಕಲಿಸಲು ಹೊರಟವನು ತೆಮ್ಯೊಂಗ್. ಹಡಗುಗಳ ತಳ ರಿಪೇರಿಗೆ ಮುಳುಗುತ್ತಿದ್ದವನು, ಈಗ ಎಪ್ಪತ್ತು ದಾಟಿದ್ದ. ನಮ್ಮೂರು ದುಮಗೆತೆಯ ಈಜುಕೊಳಕ್ಕೆ ಬೆಳಿಗ್ಗೆ ಬರುತ್ತಿದ್ದ ನಾವೆಲ್ಲ ನಿವೃತ್ತರೇ. ಈಜಿದ್ದಕ್ಕಿಂತ ಆಮೇಲೆ ಎಲೆಯಲ್ಲಿ ಬೇಯಿಸಿದ ಬುಡ್‌ಬುಡ್ ಕಡುಬು ತಿಂದು ಹರಟಿದ್ದೇ ಹೆಚ್ಚು. ತೆಮ್ಯೊಂಗನ ಹೆಂಡತಿ ಲೋಲಿಂಗ್ ನನ್ನ ಬಾಲ್ಯದ ಗೆಳತಿ. ಚಿಕ್ಕಂದಿನಲ್ಲಿ ದೋಣಿ ಮಗುಚಿ ತಮ್ಮನನ್ನು ಕಳೆದುಕೊಂಡವಳು. ಮುಖಕ್ಕೆ ನೀರು ತಾಗಿದರೂ ಬೆಚ್ಚುತ್ತಿದ್ದಳು.

ಮುಳುಗುವ ಮೊದಲು ಜೋರಾಗಿ, ಬೇಗಬೇಗ ಉಸಿರಾಡಿಬಿಡಿ, ಆಗ ಒಳಗೆ ಚಡಪಡಿಕೆಯೇ ಆಗುವುದಿಲ್ಲ ಎನ್ನುವುದು ತೆಮ್ಯೊಂಗನ ಪಾಠ. ನನಗೆ ತಲೆ ಹಗುರಾಗಿ ಬೆರಳ ತುದಿ ಜುಮ್ಮೆಂದಿತು. ಇದೆಲ್ಲ ಬೇಡ ಎಂದು ದಡ ಹತ್ತಿದೆ.

"ಬಿಪಿ ಮಾತ್ರೆ ನುಂಗೋರು ಮನೇಲಿ ಅಕ್ಕಿ ಆರಿಸ್ಕೊಂಡಿರಿ, ನಾಂಗ್ ಸಿದ್ರಾ," ಎಂದು ಅವನು ನನ್ನತ್ತ ನೋಡಿ ನಕ್ಕ. ನಾಂಗ್ ಎಂದರೆ ಅಕ್ಕ.

ಲೋಲಿಂಗಳೂ ಅದೇ ಮಾತ್ರೆ ನುಂಗುತ್ತಾಳಲ್ಲ ಎಂದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲವೇ ವಾರಗಳಲ್ಲಿ ಅವನು ಹೇಳಿದಂತೆ ಉಸಿರಾಡಿ ಮುಳುಗುತ್ತ ಆ ಪುಕ್ಕಲಿ ಲೋಲಿಂಗ್ ಎಲ್ಲರನ್ನೂ ಮೀರಿಸಿದಳು. ಆದರೆ ಮೇಲೆ ಬಂದಾಗ ಅವಳ ತುಟಿ ನೀಲಿಗಟ್ಟಿರುತ್ತಿತ್ತು. ಒಮ್ಮೆ ನನ್ನನ್ನೇ ನೋಡುತ್ತ, ನಾನು ಯಾರೆಂದು ಗೊತ್ತಾಗದವಳಂತೆ ಸ್ವಲ್ಪ ಹೊತ್ತು ನಿಂತುಬಿಟ್ಟಳು. ಸುಸ್ತು, ಅಷ್ಟೇ ಎಂದ ತೆಮ್ಯೊಂಗ್.

ಆಮೇಲೊಂದು ದಿನ ಅವಳು ಕೊಳದ ತಳದಲ್ಲಿ ಮಲಗಿದ್ದಳು. ತೆಮ್ಯೊಂಗ್ ಅಂಚಿನಲ್ಲಿ ಕೂತು, ಮಲಗಿದ ಮಗುವಿಗೆ ಎಚ್ಚರವಾದೀತು ಎಂಬಂತೆ ದನಿ ತಗ್ಗಿಸಿದ.

"ನೋಡ್ರಿ, ಎಷ್ಟು ನೆಮ್ಮದಿಯಾಗಿದಾಳೆ. ಮೇಲೆ ಬರೋ ಆಸೇನೇ ಇಲ್ಲ ಅವಳಿಗೆ."

ಅವಳ ಬಾಯಿಂದ ಗುಳ್ಳೆಗಳು ಸಾಲಾಗಿ ಎದ್ದು ನಿಂತುಹೋದವು. ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಒದ್ದಾಟವಿಲ್ಲ, ಏನೂ ಇಲ್ಲ. ನಾನು ಧುಮುಕಿದೆ. ಅವಳ ಅಭ್ಯಾಸ ಕೆಡಿಸುತ್ತೀಯ ಎಂದು ತೆಮ್ಯೊಂಗ್ ಬೈಯುತ್ತಿದ್ದದ್ದು ನೀರೊಳಗೂ ಕೇಳಿಸಿತು. ಅವಳನ್ನು ಮೇಲೆಳೆದು ತಂದಾಗ ಕತ್ತು ನನ್ನ ತೋಳಿನ ಮೇಲೆ ವಾಲಿತು. ಆಗ ಅವನು ಬೈಯುವುದು ಬಿಟ್ಟು ಅವಳನ್ನು ದಡಕ್ಕೆ ಎಳೆದುಕೊಂಡ. ದಡದಲ್ಲಿ ಅವಳ ಬಾಯಿಗೆ ಬಾಯಿಟ್ಟು ಉಸಿರು ತುಂಬಿದವನೂ ಅವನೇ. ಕೊನೆಗೆ ಅವಳು ನೀರು ಕಕ್ಕಿ ಕೆಮ್ಮಿದಳು.

ಬೇಗಬೇಗ ಉಸಿರಾಡಿದರೆ ಹೆಚ್ಚು ಗಾಳಿಯೇನೂ ಕೂಡುವುದಿಲ್ಲ, ಉಸಿರು ಬೇಕೆಂದು ದೇಹ ಕೊಡುವ ಎಚ್ಚರಿಕೆ ಮಾತ್ರ ಅಡಗುತ್ತದೆ, ಅದು ಏಳುವ ಮೊದಲೇ ಪ್ರಜ್ಞೆ ಹೋಗುತ್ತದೆ ಎಂದು ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ಈ ವಯಸ್ಸಿನಲ್ಲಿ ಹೃದಯವೂ ತಾಳ ತಪ್ಪಬಹುದಂತೆ. ತೆಮ್ಯೊಂಗ್ ಹೆಂಡತಿಯ ಪಾದ ಹಿಡಿದು ಅತ್ತ. ತಾನು ಕಲಿಸಿದ್ದನ್ನು ಮರೆತುಬಿಡಿ ಎಂದು ಒಬ್ಬೊಬ್ಬರ ಮನೆಗೂ ಹೋಗಿ ಹೇಳಿಬಂದ.

ಲೋಲಿಂಗ್ ಇನ್ನು ನೀರಿನ ಕಡೆ ತಿರುಗಿಯೂ ನೋಡಲಾರಳು ಎಂದುಕೊಂಡಿದ್ದೆ. ಮನೆಗೆ ಬಂದಮೇಲೆ ಒಂದು ಮಧ್ಯಾಹ್ನ ನನ್ನ ಜೊತೆ ನುಗ್ಗೆಸೊಪ್ಪು ಬಿಡಿಸುತ್ತ ಅವಳೆಂದಳು:

"ಭಯ ಆಯ್ತಾ ಅಂತ ಎಲ್ರೂ ಕೇಳ್ತಾರೆ. ಇಲ್ಲ ಕಣೇ ಸಿದ್ರಾ. ಅಲ್ಲಿ ಏನೂ ಬೇಕು ಅನ್ನಿಸ್ಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ನಿದ್ದೆ ಮಾಡಿಲ್ಲ."

ಸೊಪ್ಪಿನ ಇನ್ನೊಂದು ಕಡ್ಡಿ ಕೈಗೆತ್ತಿಕೊಂಡು, ನಾಳೆ ಕೊಳಕ್ಕೆ ಹೋಗೋಣವೇ ಎಂದು ಕೇಳಿದಳು. ಕೊಳ ಮುಚ್ಚಿದ್ದಾರೆ ಎಂದು ಸುಳ್ಳು ಹೇಳಿದೆ. ಅವಳು ನಕ್ಕಳು.

ಈಗ ನಾನೋ ತೆಮ್ಯೊಂಗನೋ ಸದಾ ಅವಳ ಜೊತೆಗಿರುತ್ತೇವೆ. ನೀರಿನ ತೊಟ್ಟಿಯಿರುವ ಬಚ್ಚಲಮನೆಯ ಒಳಚಿಲಕವನ್ನು ಅವನು ಕಿತ್ತುಹಾಕಿದ್ದಾನೆ.