ಹನ್ನೆರಡು ವಾರದ ಪುಡಿ

ಗುಬ್ಬಿಗೆ ಆಗ ಆರು ವರ್ಷ. ಅವಳಿಗೆ ಆಟಿಸಂ ಇದೆ ಎಂದು ಗೊತ್ತಾಗಿ ಮೂರು ವರ್ಷವಾಗಿತ್ತು. ಆಡುವ ಮಾತು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚು ದುಡಿಯುತ್ತಿದ್ದದ್ದು ‘ಬೇಡ’. ಅಪ್ಪ ಲಿಫ್ಟ್ ಮೆಕ್ಯಾನಿಕ್, ಅಮ್ಮ ಸಿಟಿ ಬಸ್ಸಿನ ಡ್ರೈವರ್. “ಒಬ್ಬರು ಜನಾನ ಮೇಲೆ ಕೆಳಗೆ ಸಾಗಿಸ್ತಾರೆ, ಇನ್ನೊಬ್ಬರು ಆ ಕಡೆ ಈ ಕಡೆ. ಮಗು ಮಾತ್ರ ಕೂತಲ್ಲೇ ಕೂತಿರುತ್ತೆ” ಎಂದು ದೊಡ್ಡಮ್ಮ ಹೇಳುತ್ತಿದ್ದಳು. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ, ಎರಡು ಬೀದಿ ಆಚೆ ಬ್ಯೂಟಿ ಪಾರ್ಲರ್ ಇಟ್ಟವಳು. ಊರಿನ ಸುದ್ದಿಯೆಲ್ಲ ಕೂದಲಿನ ಜೊತೆಗೇ ಅವಳ ಅಂಗಡಿಯ ನೆಲಕ್ಕೆ ಉದುರುತ್ತಿತ್ತು.

ಗುಬ್ಬಿಗೆ ಮಾತಿಗಿಂತ ದೊಡ್ಡ ಕಷ್ಟ ಹೊಟ್ಟೆಯದು. ನಾಲ್ಕೈದು ದಿನ ಹೊರಕಡೆಗೇ ಹೋಗುತ್ತಿರಲಿಲ್ಲ. ಆಮೇಲೆ ಹೊಟ್ಟೆ ಕಲ್ಲಾಗಿ, ನೋವಿಗೆ ಕೈ ಕಚ್ಚಿಕೊಂಡು, ಸೋಫಾದ ಬೆನ್ನಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಡಾಕ್ಟರು ಕೊಟ್ಟ ಔಷಧಿಯನ್ನು ಉಗಿಯುವುದರಲ್ಲಿ ಅವಳದು ಎತ್ತಿದ ಕೈ. ಅಮ್ಮನ ಯೂನಿಫಾರ್ಮಿನ ಎದೆಯ ಮೇಲೆ ಸದಾ ಗುಲಾಬಿ ಕಲೆ.

ಒಂದು ಸಂಜೆ ದೊಡ್ಡಮ್ಮ ಫೋನು ಹಿಡಿದು ಓಡಿ ಬಂದಳು. “ಪ್ರೋಬಯಾಟಿಕ್ ಅಂತ ಇದೆಯಂತೆ ಕಣೇ. ಒಳ್ಳೆ ಕ್ರಿಮಿ. ಹೊಟ್ಟೆಗೆ ಬಿಟ್ಟರೆ ಸಾಕು, ಮಕ್ಕಳು ಪಟಪಟ ಮಾತಾಡ್ತಾವಂತೆ!”

“ಇರೋ ಕ್ರಿಮಿಗಳ ಕಾಟವೇ ಸಾಕಾಗಿದೆ ಅಕ್ಕ” ಎಂದಳು ಅಮ್ಮ. ಆದರೂ ಮುಂದಿನ ಸಲ ಮಕ್ಕಳ ಆಸ್ಪತ್ರೆಗೆ ಹೋದಾಗ ಕೇಳಿಯೇಬಿಟ್ಟಳು.

ಡಾಕ್ಟರು ಕುಳ್ಳಗಿನ ಹೆಂಗಸು, ಮಾತು ಮಾತ್ರ ನೆಟ್ಟಗೆ. “ಮಾತು ಬರಿಸೋ ಪುಡಿ ಯಾವ ಅಂಗಡೀಲೂ ಇಲ್ಲಮ್ಮ. ಆದ್ರೆ ಇಂಥ ಮಕ್ಕಳ ಹೊಟ್ಟೆ ತೊಂದರೆಗೆ ಉಪಯೋಗ ಆಗುತ್ತಾ, ಅದರಿಂದ ನಡವಳಿಕೇಲಿ ಏನಾದ್ರೂ ಬದಲಾವಣೆ ಕಾಣುತ್ತಾ ಅಂತ ನಾವೇ ಒಂದು ಪರೀಕ್ಷೆ ಮಾಡ್ತಿದ್ದೀವಿ. ಹನ್ನೆರಡು ವಾರ. ಅರ್ಧ ಮಕ್ಕಳಿಗೆ ನಿಜವಾದ ಪುಡಿ, ಅರ್ಧ ಮಕ್ಕಳಿಗೆ ಬರೀ ಹಿಟ್ಟು. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ.”

“ನಿಮಗೂ?” ಅಪ್ಪನಿಗೆ ನಂಬಿಕೆ ಬರಲಿಲ್ಲ.

“ನನಗೆ ಗೊತ್ತಿದ್ರೆ ನನ್ನ ಮುಖ ನೋಡಿ ನಿಮಗೂ ಗೊತ್ತಾಗಿಬಿಡುತ್ತೆ.”

ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಅಮ್ಮ ಸಹಿ ಹಾಕಿದಳು. ಪುಡಿಯ ಪೊಟ್ಟಣಗಳ ಡಬ್ಬಿಯ ಜೊತೆ ಒಂದು ದಪ್ಪ ಪುಸ್ತಕವೂ ಬಂತು. ಗುಬ್ಬಿ ಏನು ತಿಂದಳು, ಎಷ್ಟು ಮಲಗಿದಳು, ಹೊರಕಡೆಗೆ ಯಾವಾಗ ಹೋದಳು, ಎಲ್ಲವನ್ನೂ ಅದರಲ್ಲಿ ಬರೆಯಬೇಕು.

ಪುಡಿ ತಿನ್ನಿಸುವುದು ಅಮ್ಮನ ಪಾಲಾಯಿತು. ಕಿವುಚಿದ ಬಾಳೆಹಣ್ಣಿನಲ್ಲಿ ಕಲಸಿದರೆ ತಟ್ಟೆ ನೆಲಕ್ಕೆ. ತಣ್ಣನೆ ಹಾಲಿನಲ್ಲಿ ಹಾಕಿದರೆ ಲೋಟ ನೆಲಕ್ಕೆ. ಮೂರನೆಯ ದಿನ ಅಮ್ಮ ಸೋತು, ಪುಡಿಯನ್ನು ತನ್ನ ಅಂಗೈಗೇ ಸುರಿದುಕೊಂಡು ಸುಮ್ಮನೆ ಕುಳಿತಳು. ಗುಬ್ಬಿ ತಾನೇ ಬಂದು ಮೂಸಿ, ಕರುವಿನ ಹಾಗೆ ಪೂರ್ತಿ ನೆಕ್ಕಿಬಿಟ್ಟಳು. ಮತ್ತೆಂದೂ ಆ ಜಗಳ ಬರಲಿಲ್ಲ.

ಬರೆಯುವುದು ಅಪ್ಪನ ಪಾಲಿಗೆ. ಲಿಫ್ಟುಗಳ ದುರಸ್ತಿ ವರದಿಯ ಹಾಳೆಗಳನ್ನು ತುಂಬಿ ತುಂಬಿ ಅವನ ಕೈ ಪಳಗಿತ್ತು. ‘ಬೆಳಿಗ್ಗೆ ೭.೧೦. ಕೂತಳು. ಎದ್ದಳು. ಕಿವಿ ಮುಚ್ಚಿಕೊಂಡು ಓಡಿದಳು. ಏನೂ ಇಲ್ಲ. ತಾಂತ್ರಿಕ ದೋಷ ಮುಂದುವರಿದಿದೆ.’ ಅದನ್ನು ಓದಿ ಅಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. “ರೀ, ಇದನ್ನ ಡಾಕ್ಟರು ಓದ್ತಾರೆ!”

ನಾಲ್ಕನೆಯ ವಾರದ ಕೊನೆಗೆ ಅಪ್ಪ ಪುಸ್ತಕ ತಿರುವಿ ಹಾಕುತ್ತಾ ಹುಬ್ಬು ಗಂಟಿಕ್ಕಿದ. ಈಗೀಗ ಗುಬ್ಬಿ ವಾರಕ್ಕೆ ಎರಡು ಸಲ ಸಲೀಸಾಗಿ ಹೋಗುತ್ತಿದ್ದಳು. ಅದೂ ಪ್ರತಿವಾರ ಅದೇ ಎರಡು ದಿನ, ಭಾನುವಾರ ಮತ್ತು ಬುಧವಾರ.

“ನೋಡಿದ್ಯಾ, ಪುಡಿ ಕೆಲಸ ಮಾಡ್ತಿದೆ” ಎಂದಳು ದೊಡ್ಡಮ್ಮ.

“ಅತ್ತಿಗೆ, ಪುಡಿಗೆ ವಾರ ಗೊತ್ತಾಗುತ್ತಾ?”

ಭಾನುವಾರ ಬೆಳಿಗ್ಗೆ ಅವರೆಲ್ಲ ದೊಡ್ಡಮ್ಮನ ಮನೆಯಲ್ಲಿರುತ್ತಿದ್ದರು. ಬುಧವಾರ? ತಂತಿ ಬದಲಾಯಿಸುವ ಕೆಲಸವಿದ್ದುದರಿಂದ ಆ ತಿಂಗಳು ಬುಧವಾರ ಬೆಳಿಗ್ಗೆ ಇಡೀ ಕಟ್ಟಡದಲ್ಲಿ ಕರೆಂಟು ಇರುತ್ತಿರಲಿಲ್ಲ. ಅಪ್ಪ ಎದ್ದು ಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ದೀಪ ಹೊತ್ತಿಸಿ, ಗುಬ್ಬಿ ಕೂರುವ ಜಾಗದಲ್ಲಿ ತಾನೇ ಕುಳಿತ. ದೀಪದ ಸ್ವಿಚ್ಚಿಗೇ ಎಕ್ಸಾಸ್ಟ್ ಫ್ಯಾನು ಜೋಡಿಸಿತ್ತು. ಅದು ತಿರುಗುತ್ತಿತ್ತು. ಕಣ್ಣು ಮುಚ್ಚಿದಾಗ ಕೇಳಿಸಿತು: ಫ್ಯಾನಿನ ಗುಂಯ್ ಸದ್ದಿನ ಒಳಗೆ ಸೂಜಿಯಂಥ ಇನ್ನೊಂದು ಸದ್ದು, ಕೀ... ಎಂದು, ಬಿಡದೆ. ಬೇರಿಂಗ್ ಸವೆದಿತ್ತು. ದೊಡ್ಡಮ್ಮನ ಮನೆಯಲ್ಲಿ ಇಂಥ ಫ್ಯಾನೇ ಇರಲಿಲ್ಲ; ಕರೆಂಟಿಲ್ಲದ ಬುಧವಾರ ಇಲ್ಲಿನದೂ ತಿರುಗುತ್ತಿರಲಿಲ್ಲ.

ಹೊರಗೆ ಬಂದವನ ಮುಖ ನೋಡಿ ಅಮ್ಮ ಗಾಬರಿಯಾದಳು.

“ಇಪ್ಪತ್ತು ಮಹಡಿ ಲಿಫ್ಟು ಎಲ್ಲಿ ಕೆಟ್ಟಿದೆ ಅಂತ ನೆಲದಲ್ಲಿ ನಿಂತು ಕಿವಿಯಲ್ಲೇ ಹೇಳ್ತೀನಿ. ನನ್ನ ಮನೆ ಫ್ಯಾನು ಎರಡು ವರ್ಷದಿಂದ ಕಿರುಚ್ತಿದೆ, ನನಗೆ ಕೇಳಿಸಿಲ್ಲ. ಅವಳು ಕಿವಿ ಮುಚ್ಚಿಕೊಂಡು ಓಡಿ ಬರ್ತಿದ್ದಳಲ್ಲ, ಹಠ ಅಂದ್ಕೊಂಡೆ.”

“ದೀಪದ ಬುಡದಲ್ಲೇ ಕತ್ತಲೆ ಕಣ್ರೀ” ಎಂದಳು ಅಮ್ಮ, ಬೆನ್ನು ಸವರುತ್ತಾ. “ನನಗೂ ಕೇಳಿಸಿರಲಿಲ್ಲ.”

ಅಪ್ಪ ಆಗಲೇ ಸ್ಟೂಲು ಹತ್ತಿ ಫ್ಯಾನು ಬಿಚ್ಚಿದ. ಮಾರನೆಯ ದಿನ ಗುಬ್ಬಿ ಒಳಗೆ ಹೋದವಳು ಓಡಿ ಬರಲಿಲ್ಲ. ಹತ್ತು ನಿಮಿಷ ಒಳಗಿನಿಂದ ಗುನುಗುವ ಸದ್ದು. ಹತ್ತು ದಿನದಲ್ಲಿ ಅದು ದಿನದ ಅಭ್ಯಾಸವಾಯಿತು. ಅವಳು ಕೈ ಕಚ್ಚಿಕೊಳ್ಳುವುದು ಕಮ್ಮಿಯಾಯಿತು. ರಾತ್ರಿ ಒಂದೇ ಹೊರಳಿಗೆ ನಿದ್ದೆ ಹೋಗುತ್ತಿದ್ದಳು.

ಆದರೆ ಅಪ್ಪನಿಗೆ ಹೊಸ ಚಿಂತೆ ಹತ್ತಿತು. ಮುಂದಿನ ಭೇಟಿಯಲ್ಲಿ ಶಾಲೆಯ ಗಾಜು ಒಡೆದ ಹುಡುಗನಂತೆ ನಿಂತು ಹೇಳಿದ: “ಡಾಕ್ಟ್ರೇ, ನಿಮ್ಮ ಪರೀಕ್ಷೆ ಕೆಡಿಸಿಬಿಟ್ಟೆ. ಫ್ಯಾನು ತೆಗೆದುಬಿಟ್ಟೆ.”

ಡಾಕ್ಟರು ಪೂರ್ತಿ ಕೇಳಿದರು. ನಗು ತಡೆಯಲಾಗಲಿಲ್ಲ. “ಮಗೂಗೆ ಆರಾಮಾಯ್ತಲ್ಲ, ಅದು ಕೆಡಿಸೋದಾ? ಬರೆದಿಟ್ಟಿದ್ದೀರಿ, ಅಷ್ಟು ಸಾಕು. ಒಬ್ಬರ ಮನೇಲಿ ಫ್ಯಾನು, ಇನ್ನೊಬ್ಬರ ಮನೇಲಿ ಹೊಸ ಟೀಚರು, ಏನೋ ಒಂದು ಬದಲಾಗ್ತಾನೇ ಇರುತ್ತೆ. ಅದಕ್ಕೇ ಅಷ್ಟೊಂದು ಮಕ್ಕಳನ್ನ ಎರಡು ಗುಂಪು ಮಾಡಿರೋದು.”

ಹನ್ನೆರಡು ವಾರ ಮುಗಿದವು. ಎಲ್ಲ ಮಕ್ಕಳ ಲೆಕ್ಕ ಮುಗಿದು ಗುಟ್ಟು ಬಿಚ್ಚುವ ಹೊತ್ತಿಗೆ ಇನ್ನೂ ಎಂಟು ತಿಂಗಳು ಕಳೆದಿತ್ತು. ಅವತ್ತು ದೊಡ್ಡಮ್ಮನೂ ಅಂಗಡಿ ಮುಚ್ಚಿಕೊಂಡು ಬಂದಿದ್ದಳು.

“ನಿಮ್ಮ ಮಗಳಿಗೆ ಸಿಕ್ಕಿದ್ದು ಹಿಟ್ಟು” ಎಂದರು ಡಾಕ್ಟರು.

“ಮೂರು ತಿಂಗಳು ಬರೀ ಹಿಟ್ಟು ನೆಕ್ಕಿಸಿದ್ರಾ?” ದೊಡ್ಡಮ್ಮ ಕುರ್ಚಿಯಿಂದಲೇ ಎದ್ದಳು.

“ಮೊದಲೇ ಹೇಳಿದ್ನಲ್ಲಮ್ಮ. ನಿಜವಾದ ಪುಡಿ ತಿಂದ ಕೆಲವು ಮಕ್ಕಳಿಗೆ ಹೊಟ್ಟೆ ಸ್ವಲ್ಪ ಹಗುರಾಗಿದೆ. ಮಾತು, ಬೆರೆಯೋದು, ಅದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಇನ್ನೂ ದೊಡ್ಡದಾಗಿ ಮಾಡಿ ನೋಡ್ಬೇಕು. ಈಗ ಹಿಟ್ಟು ತಿಂದವರಿಗೂ ನಿಜವಾದದ್ದು ಕೊಡ್ತಿದ್ದೀವಿ. ಬೇಕಾ?”

ಅಮ್ಮ ಗಂಡನ ಕಡೆ ನೋಡಿದಳು. ಆಮೇಲೆ ಡಾಕ್ಟರು ಮುಂದೆ ಚಾಚಿದ ಡಬ್ಬಿಯಿಂದ ಚೂರು ಪುಡಿಯನ್ನು ಅಂಗೈಗೆ ಸುರಿದು ಗುಬ್ಬಿಯ ಮುಂದೆ ಹಿಡಿದಳು. ಗುಬ್ಬಿ ನಾಲಿಗೆ ತುದಿ ತಾಗಿಸಿದಳು, ಮುಖ ಕಿವುಚಿದಳು, ಅಮ್ಮನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿದಳು.

“ಬೇಡ.”

“ಸುಮ್ನೆ ಯಾಕೆ ದಂಡ? ನನ್ನ ಗ್ಯಾಸಿಗೆ ಕೊಡಿ” ಎಂದು ದೊಡ್ಡಮ್ಮ ಕೈ ಚಾಚಿದಳು.

“ನಿಮ್ಮ ವಯಸ್ಸು ಹತ್ತು ವರ್ಷದೊಳಗಿದ್ರೆ ಸೇರಿಸ್ಕೋತೀನಿ” ಎಂದು ಡಾಕ್ಟರು ಡಬ್ಬಿಯನ್ನು ಮೇಜಿನೊಳಗಿಟ್ಟರು.

ಅಮ್ಮ ಅಂಗೈ ಒರೆಸಿಕೊಂಡು ಎದ್ದಳು. ಮಗಳ ಮಾತುಗಳು ಹೆಚ್ಚಾಗಿರಲಿಲ್ಲ, ಅದೇ ಹನ್ನೊಂದೋ ಹನ್ನೆರಡೋ. ಆದರೆ ಹೊಟ್ಟೆ ನೋವಿಲ್ಲದ ಗುಬ್ಬಿ ಹೇಗಿರುತ್ತಾಳೆ ಎಂದು ಮನೆಯವರಿಗೆಲ್ಲ ಈಗ ಗೊತ್ತಾಗಿತ್ತು. ಬೆಳಿಗ್ಗೆ ಗುನುಗುತ್ತಾಳೆ, ತಿಂಡಿಗೆ ತಾನೇ ಬಂದು ಕೂರುತ್ತಾಳೆ, ಅಪ್ಪನ ಕಿವಿ ಹಿಡಿದು ಎಳೆದು ನಗುತ್ತಾಳೆ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೂ ಅವಳು ಗುನುಗುತ್ತಿದ್ದಳು. ದೊಡ್ಡಮ್ಮ ಮಾತ್ರ ಬಸ್ ಸ್ಟಾಪಿನವರೆಗೂ ಹಿಟ್ಟಿನ ವಿಷಯ ಬಿಡಲಿಲ್ಲ.