ಬಸುರಿ ಗದ್ದೆ

ಮನೆಯಲ್ಲಿ ಅಕ್ಕಿ ಮುಗಿದಿತ್ತು. ಮಾಸ್ತಮ್ಮ ಕೆಸುವಿನ ಗೆಡ್ಡೆ ಬೇಯಿಸಿ, ಉಪ್ಪು ಹಾಕಿ ಮಕ್ಕಳ ಮುಂದೆ ಇಡುತ್ತಿದ್ದಳು. ಕಿರಿಯ ಮಗಳು ನಾಲಿಗೆ ಕೆರೆಯುತ್ತದೆ ಎಂದು ಅಳುತ್ತಿದ್ದಳು. ಬೇಲಿಯ ಆಚೆ, ಮಳೆ ನೀರನ್ನೇ ನಂಬಿದ ಮಕ್ಕಿ ಗದ್ದೆಯಲ್ಲಿ ಭತ್ತ ಮುಕ್ಕಾಲು ಹಣ್ಣಾಗಿತ್ತು. ಇನ್ನು ಸ್ವಲ್ಪ ದಿನ ತಡೆದರೆ ಅನ್ನ.

ಗದ್ದೆ ಸಾಗರ ಪೇಟೆಯ ಅಂಚಿನಲ್ಲಿ, ರಸ್ತೆಗೆ ಹೊಂದಿಕೊಂಡೇ ಇತ್ತು. ಮಾಸ್ತಮ್ಮನ ಗಂಡ ಭೂತಪ್ಪ ಅದನ್ನು ಗೇಣಿಗೆ ಮಾಡುತ್ತಿದ್ದ. ಅವನ ಅಪ್ಪನೂ ಅದನ್ನೇ ಮಾಡಿದ್ದ. ಒಡೆಯ ಸೀತಾರಾಮಪ್ಪ. ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಅಲ್ಲಿಯ ಲಾರಿಗಳೂ ಕೂಲಿಯವರೂ ಪೇಟೆಗೆ ಬಂದಿದ್ದರು. ಮುಳುಗಡೆಯ ಊರುಗಳಿಂದ ಕಿತ್ತು ತಂದ ತೊಲೆ, ಬಾಗಿಲುಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು. ಸೈಕಲ್ ಷಾಪು, ರೇಡಿಯೋ ಅಂಗಡಿ, ಲಾರಿ ಆಫೀಸು, ಎಲ್ಲಕ್ಕೂ ಜಾಗ ಬೇಕಿತ್ತು. ಭತ್ತದ ವ್ಯಾಪಾರದಿಂದ ಅಕ್ಕಿ ಗಿರಣಿಗೆ, ಗಿರಣಿಯಿಂದ ಲಾರಿಗೆ ಬೆಳೆದಿದ್ದ ಸೀತಾರಾಮಪ್ಪನಿಗೆ ಈಗ ಆ ಗದ್ದೆಯಲ್ಲಿ ಅಂಗಡಿ ಸಾಲು, ಅದರ ಮೇಲೊಂದು ಲಾಡ್ಜು ಕಾಣುತ್ತಿತ್ತು.

ಅವನಿಗೆ ಅವಸರವೂ ಇತ್ತು. ಉಳುವವರ ಪರ ಹೊಸ ಕಾಯಿದೆ ಬಂದಿದೆ ಎಂದು ಪೇಟೆಯೆಲ್ಲ ಮಾತು. ಪೈರು ನಿಂತಿದ್ದರೆ ಉಳುವವನೊಬ್ಬ ಇದ್ದಾನೆ ಎಂದಾಗುತ್ತದೆ. ಮಣ್ಣು ತುಂಬಿದ ಸೈಟಿನಲ್ಲಿ ಯಾರೂ ಇರುವುದಿಲ್ಲ.

ಗಿರಣಿಯಲ್ಲಿ ಮೂಟೆ ಹೊರುವ ಸುಬ್ಬಪ್ಪ ಒಂದು ಸಂಜೆ ಓಡಿ ಬಂದ.

"ಭೂತಣ್ಣ, ನಾಳೆನೇ ಕೊಯ್ದುಬಿಡು ಮಾರಾಯ. ಒಡೇರು ಗದ್ದೆ ತುಂಬ್ಸೋಕೆ ಲಾರಿ ಕಳಿಸ್ತಾರಂತೆ. ಗುಡ್ಡ ಕಡಿಸಿ ಮಣ್ಣು ರೆಡಿ ಮಾಡಿಟ್ಟಿದಾರೆ."

"ಪೈರು ನಿಂತಿರೋ ಗದ್ದೆಗಾ?"

"ನಿಂತಿದೆ ಅಂತಾನೇ."

ಭೂತಪ್ಪ ಕತ್ತಿ ಮಸೆಯಲು ಎದ್ದ. ಮಾಸ್ತಮ್ಮ ಅಡ್ಡ ನಿಂತಳು.

"ನಾಡಿದ್ದು ಭೂಮಣ್ಣಿ ಹುಣ್ಣಿಮೆ. ಬಸುರಿ ಭೂಮಿಗೆ ಬಯಕೆ ಊಟ ಹಾಕ್ದೆ ಯಾರಾದ್ರೂ ಕತ್ತಿ ತಾಗಿಸ್ತಾರಾ?"

"ಹೊಟ್ಟೆಗಿಲ್ದೆ ಸಾಯ್ತಿದೀವಲ್ಲೇ."

"ಒಂದು ದಿನಕ್ಕೆ ಸಾಯಲ್ಲ. ಸೀತಾರಾಮಪ್ಪನೋರ ಮನೇಲೂ ಹೆಣ್ಮಕ್ಳಿದಾರೆ. ಹುಣ್ಣಿಮೆ ಹೊತ್ತಲ್ಲಿ ಗದ್ದೆಗೆ ಮಣ್ಣು ಹಾಕ್ಸಲ್ಲ ಅವ್ರು."

ಭೂತಪ್ಪ ಕತ್ತಿಯನ್ನು ಸೂರಿಗೆ ಸಿಕ್ಕಿಸಿದ. ಅವನಿಗೂ ಒಳಗೆ ಅದೇ ಅಳುಕಿತ್ತು. ಭೂಮಿ ಬಸುರಿ ಎಂದು ಅವನ ತಾಯಿಯೂ ಹೇಳಿದ್ದಳು.

ಮಾಸ್ತಮ್ಮ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದಳು. ಆ ಹಿಟ್ಟನ್ನು ನೆರೆಯ ವೆಂಕಮ್ಮನಿಂದ ಬೇಡಿ ತಂದಿದ್ದಳು. ಕಡುಬಿಗೂ ಅವಳದೇ ಅಕ್ಕಿ. ಬೇಲಿಯ ಸೊಪ್ಪುಗಳನ್ನೆಲ್ಲ ಕೊಯ್ದು ಬೇಯಿಸಿದಳು. ಮಕ್ಕಳು ಒಲೆಯ ಸುತ್ತ ಕೂತು ಮೂಸುತ್ತಿದ್ದರು. "ಭೂಮಿ ತಾಯಿ ಉಂಡ ಮೇಲೆ ನಮಗೆ" ಎಂದು ಅವರನ್ನು ಗದರಿದಳು.

ಹುಣ್ಣಿಮೆಯ ದಿನ ಬೆಳಕು ಹರಿಯುವಾಗ ಗಂಡ ಹೆಂಡತಿ ಬುಟ್ಟಿ ಹೊತ್ತು ಹೊರಟರು. ಇರುಳೆಲ್ಲ ರಸ್ತೆಯಲ್ಲಿ ಹೋಗುವ ಲಾರಿಗಳದೆಂದುಕೊಂಡಿದ್ದ ಸದ್ದು ಗದ್ದೆಯಿಂದಲೇ ಬರುತ್ತಿದೆ ಎಂದು ಬೇಲಿ ದಾಟುವಾಗ ತಿಳಿಯಿತು.

ಗದ್ದೆಯಲ್ಲಿ ರಸ್ತೆಯ ಕಡೆಯ ಪಟ್ಟಿ ಇರಲಿಲ್ಲ. ಅಲ್ಲಿ ಕೆಂಪು ಮಣ್ಣಿನ ದಿಬ್ಬವಿತ್ತು. ದಿಬ್ಬದ ಅಂಚಿನಲ್ಲಿ ಕೆಲವು ತೆನೆಗಳು ಕುತ್ತಿಗೆ ಮಾತ್ರ ಹೊರಗೆ ಹಾಕಿದ್ದವು. ಲಾರಿಯ ಮೇಲೆ ಹೆಂಗಸರು ಪುಟ್ಟಿಗಳಲ್ಲಿ ಮಣ್ಣು ತುಂಬಿ ಕೆಳಗೆ ಸುರಿಯುತ್ತಿದ್ದರು. ಸೀತಾರಾಮಪ್ಪ ಕೊಡೆ ಊರಿಕೊಂಡು ನಿಂತಿದ್ದ.

"ಒಡೇರೇ, ಇವತ್ತು ಹುಣ್ಣಿಮೆ!" ಭೂತಪ್ಪ ಕೂಗಿದ.

"ಗೊತ್ತು ಕಣೋ. ಅದಕ್ಕೇ ಇವತ್ತು. ಹುಣ್ಣಿಮೆವರೆಗೂ ನೀವು ಕತ್ತಿ ಮುಟ್ಟಲ್ಲ ಅಂತ ನನಗೆ ಗೊತ್ತಿಲ್ವಾ? ಕೂಲಿ ಬೇಕಾದ್ರೆ ಹೇಳು. ನಿನಗೂ ಒಂದು ಗುದ್ದಲಿ ಕೊಡಿಸ್ತೀನಿ."

ಮಾಸ್ತಮ್ಮ ಕಾದ ಹುಣ್ಣಿಮೆಯನ್ನೇ ಅವನೂ ಕಾದಿದ್ದ. ಅವಳು ಬುಟ್ಟಿಯೊಂದಿಗೆ ಬದುವಿನ ಮೇಲೆ ಕೂತಳು.

ಲಾರಿಯ ಮೇಲಿದ್ದ ಹುಲಿಗೆಮ್ಮ ಕೈ ನಿಲ್ಲಿಸಿದಳು. ಬಯಲು ಸೀಮೆಯಿಂದ ಅಣೆಕಟ್ಟಿನ ಕೂಲಿಗೆ ಬಂದವಳು. ಆ ಗುಂಪಿಗೆ ಅವಳೇ ಹಿರಿಯಳು.

"ಯವ್ವಾ, ಬುಟ್ಟ್ಯಾಗ ಏನೈತಿ?"

"ಕಡುಬು. ಸೊಪ್ಪು. ಇವ್ಳಿಗೆ" ಎಂದು ಮಾಸ್ತಮ್ಮ ನೆಲ ತೋರಿಸಿದಳು. "ಬಸುರಿ."

ಹುಲಿಗೆಮ್ಮ ಮಣ್ಣಿನ ದಿಬ್ಬ ನೋಡಿದಳು. ತನ್ನ ಕೈ ನೋಡಿಕೊಂಡಳು.

"ಇದ ಸೀಗಿ ಹುಣ್ಣಿವಿಗೆ ನಾವೂ ಭೂಮಿತಾಯಿಗೆ ಚರಗಾ ಚೆಲ್ಲತಿದ್ವಿ, ಹೊಲಾ ಇದ್ದಾಗ. ಏ, ಪುಟ್ಟಿ ಇಳಸ್ರೇ."

"ಏಯ್, ಯಾರು ನಿಲ್ಸಿದ್ದು?" ಸೀತಾರಾಮಪ್ಪ ಕೊಡೆ ಎತ್ತಿದ. "ನಾಳೆಯಿಂದ ಬರಬೇಡಿ. ಜನಕ್ಕೇನು ಬರವಾ? ಮಧ್ಯಾಹ್ನದೊಳಗೆ ಬೇರೆಯವರನ್ನ ಕರೆಸ್ತೀನಿ."

ಅವನು ಹೇಳಿದ್ದನ್ನು ಮಾಡುವವನೇ. ಅದು ಎಲ್ಲರಿಗೂ ಗೊತ್ತಿತ್ತು. ಹೆಂಗಸರನ್ನು ಕೆಳಗಿಳಿಸಿ, ಅವನು ಲಾರಿ ಹತ್ತಿ ಪೇಟೆಗೆ ಹೋದ.

ಮಾಸ್ತಮ್ಮ ಎದ್ದಳು. ಅಳಲಿಲ್ಲ.

"ಕತ್ತಿ ತನ್ನಿ."

"ಪೂಜೆ?" ಎಂದ ಭೂತಪ್ಪ.

"ತಾಯಿನ ಜೀವಂತ ಹೂಳ್ತಾ ಇದಾರೆ. ಕೂಸನ್ನಾದ್ರೂ ಹೊರಗೆ ತೆಗೀರಿ!"

ಕತ್ತಿ ಒಂದೇ ಇತ್ತು. ವೆಂಕಮ್ಮ ತನ್ನದು ತಂದಳು. ಲಾರಿಯಿಂದ ಇಳಿದ ಹೆಂಗಸರೂ ಗದ್ದೆಗೆ ಬಂದು ಕೈಯಲ್ಲೇ ತೆನೆ ಕಿತ್ತರು. ಹುಲಿಗೆಮ್ಮನ ಕಡೆಯವರಿಗೆ ಭತ್ತ ಕೊಯ್ದು ಅಭ್ಯಾಸವಿಲ್ಲ. ಗರಿ ತಾಗಿ ಬೆರಳು ಸೀಳಿತು. "ಜೋಳಕ್ಕಿಂತ ಕೆಟ್ಟದ್ದೈತಲ್ಲೇ ಇದು" ಎಂದು ಒಬ್ಬಳು ಬೈದಳು. ಮಾಸ್ತಮ್ಮ ಮೊದಲ ಹಿಡಿ ಕೊಯ್ಯುವಾಗ "ತಪ್ಪಾಯ್ತು" ಎಂದಳು. ಆಮೇಲೆ ಹೇಳಲಿಲ್ಲ. ಕಾಲಡಿಯ ಮಣ್ಣಿಗೆ ಒಂದು ಕಡುಬು ಹೂತು, ಉಳಿದದ್ದನ್ನು ಎಲ್ಲರಿಗೂ ಮುರಿದು ಕೊಟ್ಟಳು. ನಡುನಡುವೆ ಹಸಿ ಕಾಳೂ ಇತ್ತು. ಅಮುಕಿದರೆ ಹಾಲು ಬರುತ್ತಿತ್ತು.

ಸೀತಾರಾಮಪ್ಪ ಹೇಳಿದಂತೆ ಬಂದ. ಎರಡು ಲಾರಿ, ಹೊಸ ಜನ, ಜೊತೆಗೊಬ್ಬ ಪೊಲೀಸು.

"ನನ್ನ ಸೈಟಿಗೆ ನುಗ್ಗಿ ಕಳವು ಮಾಡ್ತಿದಾರೆ. ನೋಡಿ, ಮಾಲು ಇಲ್ಲೇ ಇದೆ."

ಪೊಲೀಸು ಕಟ್ಟಿಟ್ಟ ಭತ್ತದ ಸಿವುಡುಗಳನ್ನೂ ಹೆಂಗಸರನ್ನೂ ನೋಡಿದ. "ಇದ್ರಲ್ಲಿ ಕಳ್ಳ ಯಾರು?"

ಭೂತಪ್ಪ ಬಾಯಿ ತೆರೆಯುವಷ್ಟರಲ್ಲಿ ಮಾಸ್ತಮ್ಮ ಒಂದು ಸಿವುಡು ಎತ್ತಿ ತಲೆಯ ಮೇಲಿಟ್ಟುಕೊಂಡಳು.

"ಸೈಟಲ್ಲಿ ಭತ್ತ ಹೆಂಗೆ ಬೆಳೀತು ಅಂತ ಠಾಣೇಲೇ ಹೇಳ್ತೀನಿ. ನಡೀರಿ."

ಹುಲಿಗೆಮ್ಮ ಇನ್ನೊಂದು ಎತ್ತಿದಳು. ವೆಂಕಮ್ಮ ಎತ್ತಿದಳು. ಕೊಯ್ದವರೆಲ್ಲ ಒಂದೊಂದು ಹೊತ್ತರು.

"ಒಬ್ರು ಬಂದ್ರೆ ಸಾಕು" ಎಂದ ಪೊಲೀಸು.

ಯಾರೂ ಸಿವುಡು ಇಳಿಸಲಿಲ್ಲ. ಅವರ ಬೆನ್ನ ಹಿಂದೆ ಹೊಸ ಜನ ಮಣ್ಣು ಸುರಿಯತೊಡಗಿದರು. ಅದು ಬೀಳುವ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಮಾಸ್ತಮ್ಮ ತಿರುಗಿ ನೋಡದೆ ಪೇಟೆಯ ರಸ್ತೆ ಹತ್ತಿದಳು. ಅಂಗಡಿಗಳ ಮುಂದೆ ಜನ ಎದ್ದು ನಿಂತರು. ಹೆಂಗಸರ ತಲೆಯಿಂದ ಭತ್ತ ರಸ್ತೆಯುದ್ದಕ್ಕೂ ಉದುರುತ್ತಿತ್ತು.