ಸೂರ್ಯ ಮುಳುಗದ ಊರಿಗೆ ಹೋದ ಫ್ಲಾಸ್ಕ್

ನಾನೊಂದು ಫ್ಲಾಸ್ಕ್. ಹೊರಗೆ ನೀಲಿ ತಗಡು, ಒಳಗೆ ಗಾಜು, ತಲೆಯ ಮೇಲೆ ಲೋಟವೂ ಆಗುವ ಮುಚ್ಚಳ. ಕಾರ್ಖಾನೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಳಗೆ ಕುದಿಯುವ ನೀರು ಸುರಿದು, ಬಿರುಕು ಬಿಟ್ಟವರನ್ನು ಅಲ್ಲೇ ಪಕ್ಕಕ್ಕೆ ಎಸೆದರು. ಹುಟ್ಟಿದ ದಿನವೇ ಇಂಥ ಪರೀಕ್ಷೆ! ಆವತ್ತು ಬೆಚ್ಚಿಬಿದ್ದವನು ಇಂದಿಗೂ ಪೂರ್ತಿ ಸುಧಾರಿಸಿಕೊಂಡಿಲ್ಲ.

ಮೊದಲು ನನ್ನನ್ನು ಕೊಂಡವರು ಮಂಗಳೂರಿನ ಡ್ರಾಯಿಂಗ್ ಮಾಸ್ತರರೊಬ್ಬರು. ಒಂಬತ್ತು ವರ್ಷ ಅವರ ಕಾಫಿ ಹೊತ್ತೆ. ಆಮೇಲೆ ಅವರು ಎದೆನೋವೆಂದು ಆಸ್ಪತ್ರೆ ಸೇರಿದಾಗ, ಪಕ್ಕದ ಮಂಚದಲ್ಲಿದ್ದವರು ಕಾರ್ಕಳದ ಮರುದೇವಿ ಅಮ್ಮನ ಗಂಡ. ಮಾಸ್ತರರು ಗುಣವಾಗಿ ಮನೆಗೆ ಹೊರಟಾಗ, 'ನಿಮಗೆ ಬಿಸಿನೀರು ಬೇಕಾಗ್ತದೆ, ಇಟ್ಟುಕೊಳ್ಳಿ' ಎಂದು ನನ್ನನ್ನು ಅಲ್ಲೇ ಕೊಟ್ಟುಬಿಟ್ಟರು. ಮರುದೇವಿ ಅಮ್ಮನ ಗಂಡ ಉಳಿಯಲಿಲ್ಲ. ನಾನು ಉಳಿದೆ. ಆಕೆ ನನ್ನನ್ನು ಮನೆಗೆ ಒಯ್ದು, ಕಾಫಿಯ ವಾಸನೆ ಹೋಗುವವರೆಗೆ ಏಳು ಸಲ ತೊಳೆದರು. ಅಲ್ಲಿಂದ ಮುಂದೆ ನನ್ನ ಹೊಟ್ಟೆಗೆ ಬಿದ್ದದ್ದು ಬಟ್ಟೆಯಲ್ಲಿ ಸೋಸಿ ಕುದಿಸಿದ ನೀರು ಮಾತ್ರ.

ಅದು ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಅಲ್ಲಿ ಯಾರೂ ಊಟ ಮಾಡುವುದಿಲ್ಲ. ಮರುದೇವಿ ಅಮ್ಮನಂತೂ ಇನ್ನೂ ಬಿಗಿ. ಗಂಡ ಹೋದಂದಿನಿಂದ ಪ್ರತಿ ಚತುರ್ದಶಿಗೆ ಉಪವಾಸ. ಹಗಲಿನಲ್ಲಿ ನನ್ನೊಳಗಿನ ಬಿಸಿನೀರು, ಬೇರೇನೂ ಇಲ್ಲ. ಮರುದಿನ ಸೂರ್ಯ ಹುಟ್ಟಿ ಎರಡು ಗಳಿಗೆ ಕಳೆದ ಮೇಲೆ ಪಾರಣೆ, ಎಂದರೆ ಉಪವಾಸ ಬಿಡುವ ಊಟ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿಲ್ಲ. ಹೀಗಾಗಿ ಆ ಮನೆಯವರು ಎಲ್ಲಿಗೆ ಹೊರಟರೂ, ಮದುವೆಗಾಗಲಿ ಪೇಟೆಗಾಗಲಿ, ಮೊದಲು ಕಾಗದದ ತಳದಲ್ಲಿ ಸೂರ್ಯಾಸ್ತದ ಸಮಯ ಬರೆಯುತ್ತಾರೆ. ಅಲ್ಲಿಂದ ಮೇಲಕ್ಕೆ ಹಿಂದುಹಿಂದಕ್ಕೆ ಲೆಕ್ಕ ಹಾಕುತ್ತಾರೆ.

ಆಕೆಗೆ ಎಪ್ಪತ್ತೊಂದು ತುಂಬಿದ ವರ್ಷ ಮಗ ನೇಮಿರಾಜ, ಕಾರ್ಕಳದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು, ಒಂದು ದೊಡ್ಡ ಸುದ್ದಿ ತಂದ. ಸಮುದ್ರದಲ್ಲಿ ತೇಲುವ ಹಿಮದ ಗುಡ್ಡಗಳನ್ನು ಒಮ್ಮೆ ನೋಡಬೇಕೆಂದು ಅಮ್ಮ ಎಂದೋ ಹೇಳಿದ್ದನ್ನು ಅವನು ಮರೆತಿರಲಿಲ್ಲ. ನಾರ್ವೆ ದೇಶದ ಟ್ರೋಮ್ಸೋ ಎಂಬ ಊರಿನಿಂದ ಉತ್ತರಕ್ಕೆ ಹನ್ನೊಂದು ದಿನದ ಹಡಗು. ಹಡಗು ಹತ್ತುವ ಮುನ್ನಾ ದಿನ ಊರು ಸುತ್ತಲು ಬಿಡುವು. ಆ ದಿನದ ಯೋಜನೆ ಮಾಡುವ ಕೆಲಸ ಬಿದ್ದದ್ದು ಮೊಮ್ಮಗಳು ಅನಘಾಳ ಮೇಲೆ. ಹತ್ತೊಂಬತ್ತರ ಹುಡುಗಿ, ಅಜ್ಜಿಯೆಂದರೆ ಜೀವ.

ಊಟದ ಮೇಜಿನ ಮೇಲೆ ನನ್ನ ಪಕ್ಕದಲ್ಲೇ ಕಾಗದ ಹರಡಿಕೊಂಡು ಕೂತಳು. ಆ ದಿನ ಚತುರ್ದಶಿಯೆಂದು ಮೊದಲೇ ನೋಡಿದ್ದಳು. ಅಜ್ಜಿಗೆ ಸುಸ್ತಾಗಬಾರದೆಂದು ಬೆಳಿಗ್ಗೆ ಸೇತುವೆ, ಮಧ್ಯಾಹ್ನ ವಿಶ್ರಾಂತಿ, ಸಂಜೆ ತಂತಿಯ ಮೇಲೆ ತೂಗಾಡುತ್ತ ಗುಡ್ಡ ಹತ್ತುವ ಗಾಡಿ, ಮೇಲೆ ಸೂರ್ಯಾಸ್ತ ನೋಡಿ ಅಲ್ಲೇ ಅಜ್ಜಿಯ ಸಂಜೆಯ ಜಪ. ಆದರೆ ಮೊಬೈಲಿನಲ್ಲಿ ಸೂರ್ಯಾಸ್ತದ ಜಾಗದಲ್ಲಿ ಬರೀ ಎರಡು ಗೀಟು ಕಾಣುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಅವಳು ಗೋಡೆಯ ಪಂಚಾಂಗ ನೋಡಿ ಕಾರ್ಕಳದ ಸಮಯವನ್ನೇ ಬರೆದಳು: ಆರು ಐವತ್ತೆಂಟು. ಮನೆಯವರೆಲ್ಲ ಓದಿ ತಲೆಯಾಡಿಸಿದರು. ಸೂರ್ಯ ಎಲ್ಲಿದ್ದರೂ ಸೂರ್ಯನೇ ಅಲ್ಲವೇ ಎಂದು ನಾನೂ ಅಂದುಕೊಂಡೆ.

ವಿಮಾನ ಇಳಿದ ದಿನ ದಣಿದು, ಊಟ ಮುಗಿಸಿ, ದಪ್ಪ ಪರದೆ ಎಳೆದು ಮಲಗಿದವರಿಗೆ ಏನೂ ತಿಳಿಯಲಿಲ್ಲ. ಮರುದಿನ ಯೋಜನೆಯಂತೆಯೇ ಎಲ್ಲ ನಡೆಯಿತು. ಸಂಜೆ ಗುಡ್ಡದ ಮೇಲೆ ಕುಳಿತೆವು. ಕೆಳಗೆ ಊರು, ಸುತ್ತ ಕಡಲು, ಜೂನ್ ತಿಂಗಳಲ್ಲೂ ಹಿಮ ಹೊತ್ತ ಬೆಟ್ಟಗಳು. ಆರು ಐವತ್ತೆಂಟಾಯಿತು. ಎಂಟಾಯಿತು. ಒಂಬತ್ತೂವರೆಯಾಯಿತು. ಸೂರ್ಯ ಆಕಾಶದಲ್ಲಿ ಅಡ್ಡಡ್ಡ ನಡೆಯುತ್ತಿದ್ದಾನೆ ಹೊರತು ಇಳಿಯುವ ಲಕ್ಷಣವೇ ಇಲ್ಲ. ಕೊನೆಗೆ ನೇಮಿರಾಜ ಹೋಗಿ ಗಾಡಿ ನಡೆಸುವವನನ್ನು ವಿಚಾರಿಸಿ ಬಂದ. ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಮ್ಮ, ಇಲ್ಲಿ ಸೂರ್ಯ ಮುಳುಗುದು ಜುಲೈ ಕೊನೆಗಂತೆ."

ನನ್ನೊಳಗೆ ನೀರು ಬಿಸಿಯಾಗಿಯೇ ಇತ್ತು, ಆದರೂ ಗಾಜು ಒಮ್ಮೆ ಝಲ್ಲೆಂದಿತು. ಮುಳುಗದ ಸೂರ್ಯ ಹುಟ್ಟುವುದು ಹೇಗೆ? ಹುಟ್ಟದೆ ಪಾರಣೆ ಹೇಗೆ? ಹಡಗಂತೂ ಇನ್ನೂ ಉತ್ತರಕ್ಕೇ ಹೋಗುವುದು. ಹನ್ನೊಂದು ದಿನ! ಸಕ್ಕರೆ ಕಾಯಿಲೆಯ ಮುದುಕಿ ಬರೀ ನೀರಲ್ಲಿ ಹನ್ನೊಂದು ದಿನ ಬದುಕುವುದುಂಟೇ?

ನೇಮಿರಾಜ ಬಗೆಬಗೆಯಾಗಿ ಹೇಳಿದ. ಕಾರ್ಕಳದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಇಲ್ಲಿ ಊಟ ಮಾಡಿದರಾಯಿತು, ಲೆಕ್ಕ ಸರಿಹೋಗುತ್ತದೆ ಎಂದ. ಮರುದೇವಿ ಅಮ್ಮ ಒಪ್ಪಲಿಲ್ಲ. ಕಣ್ಣೆದುರಿಗೇ ಇರುವ ಸೂರ್ಯನನ್ನು ಇಲ್ಲವೆಂದು ನಟಿಸಲು ತನ್ನಿಂದಾಗದು, ನೀವು ತಿನ್ನಿ, ನನ್ನ ಚಿಂತೆ ಬಿಡಿ ಎಂದರು. ಸೊಸೆ ಶ್ರೀಕಾಂತಿ ಅತ್ತಳು. ಹಡಗು ಬೇಡ, ದಕ್ಷಿಣಕ್ಕೆ ಹೋಗಿಬಿಡೋಣ ಎಂದಳು. ನಿಮ್ಮ ಸಂತೋಷಕ್ಕೆ ನಾನು ಅಡ್ಡ ಬಂದವಳಾಗಲೇ ಎಂದು ಮರುದೇವಿ ಅಮ್ಮ ಅದಕ್ಕೂ ತಲೆಯಾಡಿಸಲಿಲ್ಲ. ಹಿಡಿದ ಹಟವೆಂದರೆ ಹಟ. ಅನಘಾ ಮಾತ್ರ ಯೋಜನೆಯ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡಳು.

ಈಗ ನನಗೆ ಗೊತ್ತಿದ್ದ ಗುಟ್ಟು ಹೇಳುತ್ತೇನೆ. ಚೀಲದಲ್ಲಿ ನನ್ನ ಪಕ್ಕದಲ್ಲಿದ್ದದ್ದು ಅನಘಾಳ ಡಬ್ಬಿ, ಅದರಲ್ಲಿ ಊರಿಂದ ತಂದ ಎಳ್ಳುಂಡೆ. ಹೋಟೆಲಿನ ತಿಂಡಿಯಲ್ಲಿ ಮೊಟ್ಟೆ ಇರುತ್ತದೆ, ನಾನು ಡಬ್ಬಿಯಿಂದಲೇ ತಿಂದೆ ಎಂದು ಅವಳು ತನ್ನ ಅಮ್ಮ ಶ್ರೀಕಾಂತಿಗೆ ಹೇಳುತ್ತಿದ್ದಳು. ಗುಡ್ಡ ಇಳಿದಲ್ಲಿಂದ ಮರುದಿನ ಮಧ್ಯಾಹ್ನದವರೆಗೆ ಆ ಡಬ್ಬಿ ಒಂದು ತೊಲವೂ ಹಗುರಾಗಲಿಲ್ಲ. ಕೂಗಿ ಹೇಳಲು ನನಗೆ ಬಾಯಿಯಿದ್ದೂ ಇಲ್ಲ.

ಬಂದರಿನಲ್ಲಿ ಹಡಗು ಹತ್ತುವವರ ಸಾಲು ಉದ್ದಕ್ಕಿತ್ತು. ಉಪವಾಸದಿಂದ ಸೋತ ಮರುದೇವಿ ಅಮ್ಮ ಬಂದರಿನವರು ಕೊಟ್ಟ ಗಾಲಿಕುರ್ಚಿಯಲ್ಲಿ, ಆದರೂ ಬೆನ್ನು ನೆಟ್ಟಗೆ. ಕುರ್ಚಿ ತಳ್ಳುತ್ತಿದ್ದ ಅನಘಾ ಇದ್ದಕ್ಕಿದ್ದಂತೆ ಕುಸಿದು ನೆಲಕ್ಕೆ ಕೂತುಬಿಟ್ಟಳು. ತುಟಿ ಬೆಳ್ಳಗಾಗಿತ್ತು. ಏನಾದರೂ ತಿನ್ನಿಸೋಣವೆಂದು ಮರುದೇವಿ ಅಮ್ಮನೇ ಚೀಲಕ್ಕೆ ಕೈ ಹಾಕಿ ಡಬ್ಬಿ ತೆರೆದರು. ಎಳ್ಳುಂಡೆ ಮೇಲಿನವರೆಗೆ ತುಂಬಿಕೊಂಡಿತ್ತು.

ಅಷ್ಟು ವರ್ಷದಲ್ಲಿ ಆ ಮುಖ ಅಷ್ಟು ಬೆದರಿದ್ದನ್ನು ನಾನು ನೋಡಿಲ್ಲ. ಗಂಡ ಹೋದ ದಿನವೂ ನೋಡಿಲ್ಲ.

"ಎಂತ ಮಗಾ ಇದು? ನಿನ್ನೆಯಿಂದ ತಿನ್ನಲೇ ಇಲ್ವಾ?"

"ತಪ್ಪು ಬರೆದದ್ದು ನಾನಲ್ವಾ ಅಜ್ಜಿ. ನೀವು ಉಪವಾಸ ಇರುವಾಗ ನನ್ನ ಗಂಟಲಲ್ಲಿ ಹೇಗೆ ಇಳೀತದೆ?"

ಮರುದೇವಿ ಅಮ್ಮನ ಕಣ್ಣಿನಿಂದ ನೀರು ಇಳಿಯಿತು.

"ಕತ್ತಲಲ್ಲಿ ಒಂದು ಹುಳಕ್ಕೂ ನೋವಾಗಬಾರದು ಅಂತ ನಮ್ಮ ಹಿರಿಯರು ಈ ನೇಮ ಮಾಡಿದ್ದು. ಅದನ್ನು ಹಿಡ್ಕೊಂಡು ನಾನು ನನ್ನ ಮಗುವನ್ನೇ ಒಣಗಿಸಿದೆನಲ್ಲ."

ನೇಮಿರಾಜನಿಗೆ ನೀರು ಬಗ್ಗಿಸಲು ಹೇಳಿದರು. ನನ್ನ ಮುಚ್ಚಳದ ತುಂಬ ನೀರು ಇಳಿಯಿತು. ಮೊದಲು ಅನಘಾಳಿಗೆ ಕುಡಿಸಿದರು. ಒಂದು ಎಳ್ಳುಂಡೆ ಮುರಿದು, ಅರ್ಧ ಅವಳ ಬಾಯಿಗಿಟ್ಟು, ಉಳಿದರ್ಧವನ್ನು ಕಣ್ಣು ಮುಚ್ಚಿ ತಮ್ಮ ಬಾಯಿಗೆ ಹಾಕಿಕೊಂಡರು. ಅಜ್ಜಿ ಮೊಮ್ಮಗಳು ಇಬ್ಬರೂ ಅಳುತ್ತಲೇ ಅಗಿದರು. ಸಾಲಿನಲ್ಲಿದ್ದ ಪರದೇಶದವರು ಏನಾಯಿತೋ ಎಂದು ಗಾಬರಿಯಾಗಿ ದಾರಿ ಬಿಟ್ಟರು. ಹಡಗು ಹತ್ತಿದೆವು, ಹಿಮದ ಗುಡ್ಡಗಳನ್ನೂ ಕಂಡೆವು.

ಈಗ ನನಗೆ ವಯಸ್ಸಾಯಿತು. ಬೆಳಿಗ್ಗೆ ಹಾಕಿದ ನೀರು ಹತ್ತು ಗಂಟೆಗೇ ತಣ್ಣಗಾಗುತ್ತದೆ. ಕೆಲಸಕ್ಕೆ ಬಾರದವನನ್ನು ಗುಜರಿಗೆ ಹಾಕದೆ ಮರುದೇವಿ ಅಮ್ಮ ಅಡುಗೆಮನೆಯ ಕಪಾಟಿನ ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ. ಊರಿಗೆ ಬಂದ ಮೇಲೆ ಅವರು ಪ್ರಾಯಶ್ಚಿತ್ತವೆಂದು ಮೂರು ಉಪವಾಸ ಹೆಚ್ಚಿಗೆ ಮಾಡಿದರು. ಚತುರ್ದಶಿಯ ನೇಮ ಈಗಲೂ ಹಾಗೆಯೇ ನಡೆದಿದೆ. ಬಿಸಿ ಹಿಡಿದಿಡುವುದೇ ದೊಡ್ಡತನವೆಂದು ನಾನು ಬಹಳ ಕಾಲ ನಂಬಿದ್ದೆ. ಹೊತ್ತು ಬಂದಾಗ ಬಗ್ಗಿ ಸುರಿಯುವುದೂ ಅಷ್ಟೇ ದೊಡ್ಡದೆಂದು ಆ ಬಂದರಿನಲ್ಲಿ ತಿಳಿಯಿತು.

ಮೊನ್ನೆ ಬಸದಿಯ ಕಡೆಯ ಹೆಂಗಸೊಬ್ಬರು ಮನೆಗೆ ಬಂದಿದ್ದರು. ಇಷ್ಟು ವರ್ಷದ ವ್ರತ ಪರದೇಶದಲ್ಲಿ ಮುರಿಯಿತಂತೆ, ಹೌದಾ ಎಂದು ಮೆಲ್ಲಗೆ ಕೆದಕಿದರು. ಸೂರ್ಯನ ನೆಪ ಹೇಳಬಹುದಿತ್ತು, ಮರುದೇವಿ ಅಮ್ಮ ಹೇಳಲಿಲ್ಲ.

"ಮುರಿಯಲಿಲ್ಲ, ನಾನೇ ಮುರಿದೆ," ಎಂದರು. "ಮಗು ಹಸಿದು ಕೂತರೆ ನಾಳೆಯೂ ಮುರೀತೇನೆ."